ಕರಾಟೆ ಪಿಚ್ಚರಿನ ಎರಡನೇ ಭಾಗ

ಶಹಾಬಾದ
೬-೧೧-೧೯೭೯

ಸೊಲ್ಲಾಪುರದಾಗ ಡ್ಯೂಟಿ ಮ್ಯಾಲಿರೋ ನಮ್ಮ ಮನಿಯವರಿಗೆ ಪೀರಮ್ಮನ ಶರಣು.

ನಿಮ್ಮ ಕರಾಟೆ ಪಿಚ್ಚರಿನ ಎರಡನೇ ಭಾಗ ಬಂದದ. ಬಾಜೂ ಮನಿ ಆಶಾಬಿ ಟೀಚರ ಜೋಡಿ ನಿನ್ನೆ ಹೋಗಿದ್ದೆ. ಭಾಳ ಸಪ್ಪಗ ಅದರಿ. ಹೀರೋನೇ ಬ್ಯಾರೆಯವ. ಹಳೇ ಹೀರೋನಂಗ ಕೂದಲಾ ಬಿಟ್ಟಾನ, ಆದ್ರ ಒದಿಯಾಕ ಬರಂಗಿಲ್ಲ.

ಸುರುವಿಗೇ ಅವ ಅವ್ವನ ಗೋರಿ ಮುಂದ ಅಳಾಕತ್ತಿದ್ದ. ಆಕಿ ಯಾವಾಗ ಸತ್ತಳಂತ ಕೇಳಿದೆ. "ಮೊದಲನೇ ಭಾಗದಾಗೇ ಸತ್ತಾಳಲ್ಲ, ನೀ ನೋಡಿಲ್ಲೇನು?" ಅಂದ್ರು ಟೀಚರು.

ನೋಡೀನಿ, ನಿಮಗ ಗೊತ್ತದಲ್ರಿ. ನಮ್ಮವ್ವ ತೀರಿಕೊಂಡು ತಿಂಗಳಾಗಿತ್ತು. ನಾ ಸರಿಯಾಗಿ ಉಣ್ಣಂಗಿಲ್ಲಂತ ನೀವೇ ಕರಕೊಂಡು ಹೋಗಿದ್ರಿ. ನನಗ ಇಂಗ್ಲೀಷ್ ತಿಳಿಯಂಗಿಲ್ಲಂತ ಬಾಜೂಕ ಕುಂತು ಎಲ್ಲಾ ಕನ್ನಡದಾಗ ಹೇಳಿದ್ರಿ. ಆ ಅವ್ವ ಕಣ್ಣು ಮುಚ್ಚಿದಾಗ, "ಜ್ವರ ಇಳದದ, ಆರಾಮ ಮಲಗ್ಯಾಳ" ಅಂದಿದ್ರಿ. ಅವತ್ತು ಮನಿಗೆ ಬಂದು ಎರಡು ರೊಟ್ಟಿ ಉಂಡಿದ್ದೆ.

ಟೀಚರಿಗೆ "ಮರತಿದ್ದೆರಿ" ಅಂದೆ.

ರೊಟ್ಟಿ ಜೋಡಿ ತಿನ್ನಾಕ ಶೇಂಗಾ ಹಿಂಡಿ ಕಳಸೀನಿ, ಡಬ್ಬಿ ಮರೀದೆ ವಾಪಸ್ ತರ್ರಿ. ಮೂರನೇ ಭಾಗನೂ ಬರ್ತದಂತ. ಅದಕ್ಕ ರಜಾ ಹಾಕಿ ಬರ್ರಿ, ನೀವೇ ಕತಿ ಹೇಳ್ರಿ. ಆ ಅವ್ವ ನಿದ್ದಿಯಿಂದ ಎದ್ದಾಳಂದ್ರೂ ನಂಬತೀನಿ.

ನಿಮ್ಮ ದಾರಿ ನೋಡಾಕತ್ತಿರೋ
ಪೀರಮ್ಮ