ಬಿಳಿ ಹಾಳಿ, ಬಿಳಿ ಮೇಣ

ಮಾನ್ವಿ
೧೮ ಆಗಸ್ಟ್ ೨೦೨೪

ಪ್ರೀತಿಯ ಶಿವಗಂಗಕ್ಕಾ,

ಹೆಂಗದಿ? ಉದಯಕುಮಾರ ಮಾಮಾ ಹೆಂಗದಾರ? ಕೂಸಿಗೆ ಹಲ್ಲು ಬಂದಾವೇನು? ದೇವದುರ್ಗದಾಗ ಜ್ವರ ಬಾಳ ಎದ್ದಾವಂತ ಕೇಳಿದೆ, ನೀರು ಕಾಸಿ ಕುಡೀರಿ. ನೀ ಫೋನ್ ಎತ್ತವಲ್ಲಿ, ಅದಕ್ಕ ಕಾಗದ ಬರಿಯಾಕತ್ತೀನಿ. ನೀ ಮೆಚ್ಚಿ ಮದುವಿ ಆದ ದಿನ ಅಪ್ಪ "ನನ್ನ ಪಾಲಿಗೆ ಆಕಿ ಸತ್ಲು" ಅಂದದ್ದು ನನ್ನ ಕಿವಿಯಾಗೂ ಇನ್ನೂ ಅದ. ನಿನ್ನ ಸಿಟ್ಟು ತಪ್ಪಂತ ನಾ ಅನ್ನಂಗಿಲ್ಲ.

ಒಂದು ಸುದ್ದಿ ನಿನಗ ಮುಚ್ಚಿಟ್ಟಿದ್ವಿ. ಅವ್ವನ ಕಣ್ಣು ಹೋಗ್ಯಾವ. ಶುಗರ್ ಏರಿ ಏರಿ ಹಿಂಗಾತು. ರಾಯಚೂರಿನ ಡಾಕ್ಟರು ದೃಷ್ಟಿ ಇನ್ನ ತಿರುಗಿ ಬರಂಗಿಲ್ಲ ಅಂದಾರ. ಹಗಲು ಯಾವುದು, ಕತ್ತಲಿ ಯಾವುದು, ಅಷ್ಟು ತಿಳೀತದ. "ಆಕಿಗೆ ಹೇಳಬ್ಯಾಡ, ಎಳಿಗೂಸಿನ ತಾಯಿ, ಅಳಕೋತ ಕುಂದರ್ತಾಳ" ಅಂತ ಅವ್ವನೇ ನನ್ನ ಬಾಯಿ ಕಟ್ಟಿದ್ಲು.

ನಾ ಸಾಲಿಯಾಗ ಚಿತ್ರಕಲಾ ಕಲಸ್ತೀನಲ್ಲ, ಈಗ ಮೇಣದ ಚಿತ್ರ ನಡದಾವ. ಮೇಣಬತ್ತಿ ಕರಗಿಸಿ ಕುಂಚದಿಂದ ದಪ್ಪ ಹಾಳಿ ಮ್ಯಾಲ ಗೆರಿ ಎಳಿಯೋದು, ಆರಿದ ಮ್ಯಾಲ ನೀರಿನ ಬಣ್ಣ ಹಚ್ಚೋದು. ಮೇಣ ಇದ್ದಲ್ಲಿ ಬಣ್ಣ ಹಿಡಿಯಂಗಿಲ್ಲ, ಗೆರಿ ಬೆಳ್ಳಗ ಉಳೀತದ. ಮೊನ್ನಿ ಮನ್ಯಾಗ ಕುಂತು ಸುಮ್ನ ನಿನ್ನ ಮಾರಿ ಬರದೆ. ಬಣ್ಣ ಇನ್ನೂ ಹಚ್ಚಿರಲಿಲ್ಲ. ಅವ್ವ ಮೇಣದ ವಾಸನಿ ಹಿಡಕೊಂಡು ಬಂದು ಬಾಜೂಕ ಕುಂತು, "ಏನು ಬರದಿ, ನೋಡೂಣು ಕೊಡು" ಅಂದ್ಲು. ತೊಡಿ ಮ್ಯಾಲ ಇಟ್ಟೆ. ಉಬ್ಬಿದ ಗೆರಿ ಮ್ಯಾಲ ಬಟ್ಟು ಆಡಿಸ್ಕೋತ ಹಣಿ, ಮೂಗು, ತುಟಿ ದಾಟಿ ಗದ್ದಕ್ಕ ಬಂದು ನಿಂತ್ಲು. "ಗಂಗಾ" ಅಂದ್ಲು. ಕಣ್ಣಾಗ ನೀರಿಳದ್ವು.

ಅಷ್ಟರಾಗ ಅಪ್ಪ ಮಿಲ್ಲಿನಿಂದ ಬಂದ. ಬಿಳಿ ಹಾಳಿ ಮ್ಯಾಲ ಬಿಳಿ ಮೇಣ, ಅವಗ ಏನೂ ಕಾಣಲಿಲ್ಲ. "ಖಾಲಿ ಹಾಳಿ ಹಿಡಕೊಂಡು ಯಾಕ ಅಳಾಕತ್ತಿ?" ಅಂದ. ಅವ್ವ ಮಾರಿ ಎತ್ತಲಿಲ್ಲ. "ನಿಮಗ ಕಣ್ಣದಾವ, ನೀವು ಹೋಗಿ ಆಕೀನ್ನ ನೋಡಲಿಲ್ಲ. ನನಗ ಇನ್ನ ಇಷ್ಟೇ ಉಳದದ" ಅಂದ್ಲು.

ನಾ ಹಾಳಿ ಇಸ್ಕೊಂಡು ನೀಲಿ ಬಣ್ಣ ಹಚ್ಚಿದೆ. ಬಣ್ಣ ಹರಿದಂಗೆಲ್ಲ ನಿನ್ನ ಮಾರಿ ಎದ್ದು ಬಂತು. ಅಪ್ಪ ನಿಂತು ನೋಡಿದ. ಆಮ್ಯಾಲ ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತ. ಊಟಕ್ಕ ಕರದ್ರೂ ಬರಲಿಲ್ಲ. ಮರುದಿನ ಅವ್ವನ ತಲಿ ತಾನ ಬಾಚಿದ.

ಕೂಸಿಗೆ ನನ್ನ ಮುತ್ತು, ಮಾಮಾಗ ನಮಸ್ಕಾರ. ಅವ್ವನ ಆಶೀರ್ವಾದ ನಿಮ್ಮೆಲ್ಲರ ಮ್ಯಾಲದ.

ನಿನ್ನ ತಂಗಿ
ವಿಜಯಲಕ್ಷ್ಮಿ

ತಾ.ಕ.: ಇದನ್ನ ಟಪಾಲಿಗೆ ಹಾಕಾಕ ಹೊಂಟಿದ್ದೆ. ಅಪ್ಪ ಧೋತರ ಉಟ್ಟು ಬಂದು, "ಗಂಗಾನ ಮನಿ ದೇವದುರ್ಗದಾಗ ಎಲ್ಲಿ ಬರ್ತದ?" ಅಂತ ಕೇಳಿದ. ಅವನ ಕೈಯಾಗನ ಕೊಟ್ಟು ಕಳಸಾಕತ್ತೀನಿ. ನೀ ಇದನ್ನ ಓದಾಕತ್ತಿದಾಗ ಅವ ನಿನ್ನ ಬಾಗಲಾಗ ನಿಂತಿರ್ತಾನ. ತಾನಾಗಿ ಏನೂ ಅನ್ನಂಗಿಲ್ಲ, ಅವನ ಸ್ವಭಾವ ನಿನಗ ಗೊತ್ತದ. ಒಳಗ ಕರಿ ಅಕ್ಕಾ.