ಗೆರೆ ಇಲ್ಲದ ಹೆಬ್ಬೆರಳು

ಮಾರ್ಚ್ 3, ಬೆಳಿಗ್ಗೆ 8

ತಿಂಡಿ ಆಯಿತು. ಇನ್ನು ಅರ್ಧ ಗಂಟೆ ಬಿಟ್ಟು ಮಾತ್ರೆ, ನಾಲ್ಕು. ಅಂಗೈ ಸುಲಿಯುತ್ತಲೇ ಇದೆ. ನಿನ್ನೆ ಬೈಂಡಿಂಗ್ ಶಾಪಿನಲ್ಲಿ ಹಾಳೆ ಮಡಚುವಾಗ ರಕ್ತದ ಕಲೆ ಬಿತ್ತು. ಯಜಮಾನರು ನೋಡಿಯೂ ನೋಡದವರಂತೆ ಆ ಹಾಳೆ ತೆಗೆದು ಪಕ್ಕಕ್ಕಿಟ್ಟರು. ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿದ ಕೈ...

ಸುಲಿದರೆ ಸುಲಿಯಲಿ. ಹದಿನಾಲ್ಕು ತಿಂಗಳಿಂದ ಲಿವರಿನ ಗಡ್ಡೆ ಇದ್ದಲ್ಲೇ ಇದೆ. ಅಷ್ಟು ಸಾಕು.

ನಾಳೆ ಮಾತ್ರೆ ಪುಕ್ಕಟೆ ಕೊಡುವ ನಿಧಿ ಕಚೇರಿ. ಆರು ತಿಂಗಳಿಗೊಮ್ಮೆ ಹೋಗಿ, ಬದುಕಿದ್ದೇನೆ ಎಂದು ಹೆಬ್ಬೆರಳು ಒತ್ತಿ ಬರಬೇಕು. ಅವರು ಮಾತ್ರೆ ನಿಲ್ಲಿಸಿದರೆ ನಾವು ಕೊಳ್ಳುವ ಮಾತೇ ಇಲ್ಲ. ಒಂದು ತಿಂಗಳ ಡಬ್ಬಿಗೆ ನಮ್ಮಿಬ್ಬರ ವರ್ಷದ ದುಡಿಮೆ ಸಾಲದು.

ಮಾರ್ಚ್ 4

ಆಗಲಿಲ್ಲ. ಕೆಂಪು ದೀಪ. ಮತ್ತೆ ಒತ್ತಿದೆ — ಕೆಂಪು. ಕೈ ಒರೆಸಿಕೊಂಡು ಬಂದೆ. ಹತ್ತೂ ಬೆರಳು ಆಯಿತು.

ಕೌಂಟರಿನ ಹುಡುಗಿ ನನ್ನ ಕೈ ತಿರುಗಿಸಿ ನೋಡಿದಳು. "ಗೆರೇನೇ ಇಲ್ವಲ್ಲಮ್ಮ!"

"ನೀವು ಕೊಡೋ ಮಾತ್ರೆ ತಿಂದೇ ಹೀಗಾಗಿದ್ದು."

"ನಂಗೆ ಅರ್ಥ ಆಗುತ್ತೆ. ಮಷೀನಿಗೆ ಆಗಲ್ವಲ್ಲ."

ಬೆರಳಿನ ಬದಲು ಕಣ್ಣು ನೋಡುವ ಮಷೀನು ರಿಪೇರಿಗೆ ಹೋಗಿದೆಯಂತೆ. ಯಾವಾಗ ಬರುತ್ತದೋ ಗೊತ್ತಿಲ್ಲ. ಕೊನೆಯ ದಿನ ಮಾತ್ರ ಗೊತ್ತು: ಮೂವತ್ತೊಂದು.

ಬಸ್ಸಿನಲ್ಲಿ ಇವರು ಕಿಟಕಿ ಕಡೆ ಮುಖ ಮಾಡಿ, "ದೇವರು ವರ ಕೊಟ್ರೂ ಪೂಜಾರಿ ಕೊಡ," ಎಂದರು.

ಮಾರ್ಚ್ 9

ಡಾಕ್ಟರಮ್ಮ ಪತ್ರ ಬರೆದುಕೊಟ್ಟರು — ಬೆರಳಿನ ಗೆರೆ ಅಳಿಸಿದ್ದು ಔಷಧಿಯಿಂದ ಎಂದು, ಸಹಿ, ಸೀಲು. ಕೌಂಟರಿನಲ್ಲಿ ತೆಗೆದುಕೊಂಡರು. ಮೇಲಿನ ಆಫೀಸಿಗೆ ಹೋಗಬೇಕು, ಅಲ್ಲಿಂದ ಉತ್ತರ ಬರಬೇಕು. ಯಾವಾಗ? "ಬಂದಾಗ."

ಸಾಲಿನಲ್ಲಿ ಹಿಂದೆ ನಿಂತಿದ್ದ ಮಫ್ಲರಿನವನು, ಗಂಟಲಿನ ರೋಗಿ, ಪಿಸುದನಿಯಲ್ಲಿ ಕರೆದ.

"ಅಕ್ಕಾ, ಎರಡ್ಮೂರು ವಾರ ಮಾತ್ರೆ ಬಿಟ್ಬಿಡಿ. ಗೆರೆ ತಾನಾಗೇ ಬರುತ್ತೆ. ನಾನು ಹಾಗೇ ಮಾಡಿದ್ದು."

"ಡಾಕ್ಟ್ರಿಗೆ ಹೇಳಿದ್ರಾ?"

"ಹೇಳೋ ವಿಷಯಾನಾ ಅದು?"

ಮಾರ್ಚ್ 10, ಬೆಳಿಗ್ಗೆ 8.30

ಇವರು ನೀರು ಹಿಡಿದು ನಿಂತಿದ್ದರು. ನಾಲ್ಕೂ ಮಾತ್ರೆ ಬಾಯಿಗೆ ಹಾಕಿಕೊಂಡಂತೆ ಮಾಡಿ ಮುಷ್ಟಿಯಲ್ಲೇ ಉಳಿಸಿಕೊಂಡೆ. ನೀರು ಮಾತ್ರ ಕುಡಿದೆ. ಆಮೇಲೆ ಗುಂಡಿ-ದಾರದ ಡಬ್ಬಿಗೆ ಹಾಕಿದೆ.

ಮೂವತ್ತು ವರ್ಷದ ಸಂಸಾರ. ಸುಳ್ಳು ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ.

ಮಾರ್ಚ್ 17

ಬಾಯಿಗೆ ರುಚಿ ಬಂದಿದೆ. ಎರಡನೇ ಸಲ ಬಡಿಸಿಕೊಂಡೆ. ಇವರ ಮುಖ ಊರಗಲ.

"ನೋಡು, ಅಂತೂ ಮಾತ್ರೆ ಮೈಗೆ ಒಗ್ಗಿತು."

"ಹೂಂ."

ಶಾಪಿನಲ್ಲಿ ಸೂಜಿ ಹಿಡಿದರೆ ಉರಿಯಿಲ್ಲ. ನಲವತ್ತು ಪುಸ್ತಕ ಹೊಲಿದೆ. ಮೈ ಹಗುರ. ಹಗುರವಾಗಿರುವುದೇ ಭಯ... ತಡೆಯುವವರಿಲ್ಲದೆ ಒಳಗೆ ಅದು ಏನು ಮಾಡುತ್ತಿದೆಯೋ.

ಮೇಲಿನ ಆಫೀಸಿನಿಂದ ಉತ್ತರ ಬಂದಿಲ್ಲ.

ಮಾರ್ಚ್ 29

ಹಸಿರು! ಮೂರನೇ ಸಲಕ್ಕೆ. ಕೌಂಟರಿನ ಹುಡುಗಿ ಎದ್ದು ನಿಂತು "ಬಂತಮ್ಮ, ಬಂತು!" ಎಂದು ಕೂಗಿದಳು, ಸಾಲಿನವರೆಲ್ಲ ತಿರುಗಿ ನೋಡಿದರು. ಇವರು ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತನಿಗೂ ಹೇಳಿದರು: "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು, ಸ್ವಾಮಿ." ಆತ ಏನೂ ತಿಳಿಯದೆ ತಲೆಯಾಡಿಸಿದ.

ಮನೆಗೆ ಬಂದವಳೇ ನಾಲ್ಕು ಮಾತ್ರೆ ನುಂಗಿದೆ. ನಿಜವಾಗಿ.

ಏಪ್ರಿಲ್ 12

ಇಷ್ಟು ದಿನ ಬರೆಯಲಿಲ್ಲ. ಬಲ ಪಕ್ಕೆಯ ಕೆಳಗೆ ಭಾರ. ಬರೆದರೆ ನಿಜವಾಗುತ್ತದೇನೋ ಎಂದು ಸುಮ್ಮನಿದ್ದೆ.

ಸ್ಕ್ಯಾನ್ ರಿಪೋರ್ಟ್ ಬಂತು. ಗಡ್ಡೆ ಬೆಳೆದಿದೆ. ಹೊಸದಾಗಿ ಇನ್ನೆರಡು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾತ್ರೆ ಕೈಕೊಟ್ಟ ಹಾಗಿದೆ. ಬೆಳೆದ್ರೆ ನಿಧಿಯವರು ಮುಂದುವರಿಸಲ್ಲಮ್ಮ, ಅದು ಅವರ ನಿಯಮ. ಶುಕ್ರವಾರ ಬನ್ನಿ. ಏನ್ಮಾಡೋದು ಅಂತ ನೋಡೋಣ."

ಕೈಕೊಟ್ಟಿದ್ದು ಮಾತ್ರೆಯಲ್ಲ, ನಾನು. ನಾಲಿಗೆ ತುದಿಗೆ ಬಂತು. ಪಕ್ಕದಲ್ಲಿ ಇವರಿದ್ದರು. ನುಂಗಿಕೊಂಡೆ.

ಏಪ್ರಿಲ್ 13, ಸಂಜೆ

ಅಂಗಿಗೆ ಗುಂಡಿ ಹುಡುಕಲು ಹೋಗಿ ಇವರು ಡಬ್ಬಿ ತೆಗೆದರು. ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಗುಂಡಿಗಿಂತ ಮಾತ್ರೆಯೇ ಹೆಚ್ಚು.

"ಏನೇ ಇದು?"

ಹೇಳಿದೆ. ಮೊದಲಿಂದ ಕೊನೆತನಕ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ. ಕೂತು, ಒಂದೊಂದೇ ಮಾತ್ರೆ ಆರಿಸಿ ಬೇರೆ ಮಾಡತೊಡಗಿದರು.

"ಹೇಳಿದ್ರೆ ನಾನು ಒಪ್ತಿರ್ಲಿಲ್ಲ ಅಂತ ತಾನೇ?"

"ಹೂಂ."

"ಒಪ್ತಿದ್ದೆ ಕಣೇ. ಬೇರೆ ದಾರಿ ಎಲ್ಲಿತ್ತು? ನಾನೇ ಬಿಡು ಅಂತಿದ್ದೆ." ಬೆರಳು ನಿಂತಿತು. "ಒಬ್ಬಳೇ ಯಾಕೆ ಹೊತ್ಕೊಂಡೆ?"

ನಾನೂ ಎದುರು ಕೂತು ಗುಂಡಿ ಆರಿಸತೊಡಗಿದೆ.

ಏಪ್ರಿಲ್ 16, ಶುಕ್ರವಾರ, 11.20

ಡಾಕ್ಟರಮ್ಮನ ಕೋಣೆಯ ಹೊರಗೆ, ಬೆಂಚಿನ ಮೇಲೆ. ಮುಂದಿನ ಸರದಿ ನಮ್ಮದು.

ಹೇಳದಿದ್ದರೆ — ಔಷಧಿ ಸೋತಿತು ಎಂದು ಬರೆಯುತ್ತಾರೆ, ಮಾತ್ರೆ ನಿಲ್ಲುತ್ತದೆ. ಹೇಳಿದರೆ — ಮಾತ್ರೆ ಇನ್ನೂ ಕೆಲಸ ಮಾಡೀತು ಎಂದು ಅವರು ನಿಧಿಯವರೊಡನೆ ವಾದಿಸಬಹುದು. ಆದರೆ ನಿಧಿಯ ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿದೆ: ಔಷಧಿ ತಪ್ಪಿಸಿದವರ ಹೆಸರು ತೆಗೆಯಲಾಗುವುದು. ಅತ್ತ ದರಿ, ಇತ್ತ ಪುಲಿ.

ಹೇಳಬೇಕೆಂದೇ ಬಂದಿದ್ದೇನೆ. ಹೇಗೆ ಶುರು ಮಾಡುವುದೆಂದು ಇಲ್ಲಿ ಬರೆದು ನೋಡುತ್ತಿದ್ದೆ... ನಂಬರು ಕೂಗಿದರು. ಇವರು ಥಟ್ಟನೆ ಎದ್ದು ನನಗಿಂತ ಮುಂಚೆ ಒಳಗೆ ಹೋದರು. ಬಾಗಿಲು ಹಾಕಿಲ್ಲ. ಮಾತು ಇಲ್ಲಿಗೇ ಕೇಳಿಸುತ್ತಿದೆ.

"ಅವಳದೇನೂ ತಪ್ಪಿಲ್ಲ ಡಾಕ್ಟ್ರೇ. ಮಾತ್ರೆ ಬಿಡು ಅಂತ ಬಲವಂತ ಮಾಡಿದ್ದು ನಾನು, ನಾನೇ ಬಚ್ಚಿಟ್ಟೆ..."

ಸುಳ್ಳು. ಇವರಿಗೆ ಸುಳ್ಳು ಹೇಳಲು ಬರುವುದೇ ಇಲ್ಲ. ಏಳಬೇಕು, ಒಳಗೆ ಹೋಗಿ ನಾನೇ ಹೇಳ—