ನಮ್ಮ ಹೊಳೆಯಾಚೆಯವರನ್ನು ಐಖೆನ್‌ರೀಡಿಗೆ ಕೊಟ್ಟವರಿಗೆ

ಗಡಿಯಾಚೆಯ ಅಗ್ನಿಶಾಮಕ ಸಹಕಾರವನ್ನು ಕಚೇರಿಯಲ್ಲಿ ಕುಳಿತು ಹಂಚುವ ಮಾನ್ಯರೇ,

ಹೊಳೆಯಾಚೆಯ ಚೆಕ್ ಹಳ್ಳಿ ಓಲ್ಶೋವ್ಕಾದ ಸ್ವಯಂಸೇವಕ ದಳವನ್ನು ತಾವು ನಮ್ಮ ಆಸ್ಟ್ರಿಯಾ ಕಡೆಯ ಐಖೆನ್‌ರೀಡ್ ದಳಕ್ಕೆ ಜೋಡಿ ಮಾಡಿದ್ದೀರಿ. ನಮಗೆ ಜೋಡಿ ಮಾಡಬೇಕಿತ್ತು. ಈ ದೂರಿನಲ್ಲಿ ಹೊಟ್ಟೆಕಿಚ್ಚಿದೆ, ಬಚ್ಚಿಡುವುದಿಲ್ಲ. ನಮ್ಮ ಎರ್ಲೆನ್‌ಗ್ರಾಬೆನ್ ಠಾಣೆಯಿಂದ ಸೇತುವೆ ದಾಟಿದರೆ ಓಲ್ಶೋವ್ಕಾ ನಾಲ್ಕು ನಿಮಿಷ. ಐಖೆನ್‌ರೀಡಿನಿಂದ ಇಪ್ಪತ್ತೈದು. ಆದರೆ ಐಖೆನ್‌ರೀಡಿನಲ್ಲಿ ಸಭಾಂಗಣವಿದೆ, ಫೋಟೊ ತೆಗೆಯಲು ಒಳ್ಳೆಯ ಬೆಳಕಿದೆ. ವಿಪತ್ತಿನ ಸಮಯದಲ್ಲಿ ಅದೂ ಬೇಕಾಗುತ್ತದೆ, ಅಲ್ಲವೇ?

ಪ್ರತಿ ತಿಂಗಳೂ ಓಲ್ಶೋವ್ಕಾದ ಗಾಡಿ ಜಂಟಿ ಕವಾಯತಿಗೆಂದು ನಮ್ಮ ಠಾಣೆಯ ಮುಂದೆಯೇ ಹಾದು ಐಖೆನ್‌ರೀಡಿಗೆ ಹೋಗುತ್ತದೆ. ಅವರ ದಳದ ನಾಯಕಿ ಕ್ವೇತಾ ಕಿಟಕಿಯಿಂದ ಕೈ ಬೀಸುತ್ತಾಳೆ. ನಾವೂ ಬೀಸುತ್ತೇವೆ. ಇಪ್ಪತ್ತು ವರ್ಷ ನಮ್ಮ ಬೆಂಚಿನಲ್ಲಿ ಕುಳಿತು ಬಿಯರ್ ಕುಡಿದವಳು ಈಗ ಅಲ್ಲಿಯ ಆಲೂಗಡ್ಡೆ ಸಲಾಡನ್ನು ಹೊಗಳುತ್ತಾಳಂತೆ. ಆ ಸಲಾಡನ್ನು ನಾನೂ ತಿಂದಿದ್ದೇನೆ. ಹೊಗಳುವಂಥದ್ದು ಏನೂ ಇಲ್ಲ.

ಕಳೆದ ಸೆಪ್ಟೆಂಬರಿನ ಸಂಗತಿ ತಮ್ಮ ಕಡತದಲ್ಲಿ ಇರಲಾರದು, ಹೇಳುತ್ತೇನೆ. ನಮ್ಮಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಪರೀಕ್ಷೆ. ಒಂದು ಸಲ ಕೂಗಿದರೆ ಪರೀಕ್ಷೆ, ಮೂರು ಸಲ ಕೂಗಿದರೆ ಬೆಂಕಿ. ಒಂದು ಶನಿವಾರ ಸರಿಯಾಗಿ ಅದೇ ಹೊತ್ತಿಗೆ ರೋಸ್ವಿತಾ ಅಜ್ಜಿಯ ಕೊಟ್ಟಿಗೆಗೆ ಬೆಂಕಿ ಬಿತ್ತು.

“ರೀ, ಮೂರ್ ಸಲ ಕೂಗ್ತಲ್ವಾ?” ಎಂದಳು ನನ್ನ ಹೆಂಡತಿ.

“ಶನಿವಾರ ಕಣೇ. ಕೂತ್ಕೋ, ಸೂಪ್ ಆರೋಗುತ್ತೆ.”

ಹೀಗೆ ಹೇಳಿದವನು ದಳಪತಿ. ನನ್ನ ಹದಿನೆಂಟು ಜನರೂ ಅವರವರ ಮನೆಯಲ್ಲಿ ಇದನ್ನೇ ಹೇಳಿದರು. ಶನಿವಾರದ ಕೂಗನ್ನು ಎಣಿಸುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಹೊಳೆಯಾಚೆ ಪರೀಕ್ಷೆ ನಡೆಯುವುದು ತಿಂಗಳ ಮೊದಲ ಬುಧವಾರ. ನಮ್ಮ ಸೈರನ್ ಅವರಿಗೆ ಪರರ ಸೈರನ್ ಆದ್ದರಿಂದ ಪ್ರತಿ ಶನಿವಾರ ಕಿವಿಗೊಟ್ಟು ಎಣಿಸುತ್ತಾರೆ. ಹೊಗೆ ಕಂಡು ನಾನು ಕೊರಳಿಗೆ ಸಿಕ್ಕಿಸಿದ ಊಟದ ಬಟ್ಟೆಯ ಸಮೇತ ಓಡಿಹೋದಾಗ ಕ್ವೇತಾ ಹೊಳೆಗೆ ಪಂಪ್ ಇಳಿಸಿಯಾಗಿತ್ತು. ಅವಳ ದಳದ ರಾಡೆಕ್ ಹನ್ನೊಂದು ಹಸುಗಳನ್ನೂ ಹೊರಗೆ ಅಟ್ಟಿದ್ದ.

“ಊಟ ಆಯ್ತಾ ದಳಪತಿಗಳೇ?” ಎಂದಳು ಕ್ವೇತಾ. “ಆಗಿದ್ರೆ ಈ ಪೈಪ್ ಸ್ವಲ್ಪ ಹಿಡ್ಕೊಳ್ಳಿ.”

ನಾಚಿಕೆಯಿಂದ ಸತ್ತೆ, ಪೈಪ್ ಹಿಡಿದೆ.

ರಾಡೆಕ್ ಬಡಗಿ. ಹಸುಗಳನ್ನು ಅಟ್ಟುವಾಗ ಅವನ ಬಲಗೈ ಮೊಣಕೈವರೆಗೆ ಸುಟ್ಟಿತು, ಇನ್ನೂ ಉಳಿ ಹಿಡಿಯಲು ಬರುವುದಿಲ್ಲ. ವಿಮೆಯವರು ತಾವು ಮಾಡಿಕೊಟ್ಟ ಜೋಡಿಗಳ ಪಟ್ಟಿ ತೆರೆದು ನೋಡಿದರು. ಓಲ್ಶೋವ್ಕಾದ ಜೋಡಿ ಐಖೆನ್‌ರೀಡ್, ಆದ್ದರಿಂದ ಅವನು ನಮ್ಮಲ್ಲಿಗೆ ಬಂದದ್ದು ಖಾಸಗಿ ಭೇಟಿಯಂತೆ, ಪರಿಹಾರ ಇಲ್ಲವಂತೆ! ಖಾಸಗಿ ಭೇಟಿಗೆ ಯಾರಾದರೂ ಪಂಪ್ ಹೊತ್ತು ಬರುತ್ತಾರೆಯೇ ಮಾನ್ಯರೇ? ಡಿಸೆಂಬರಿನಲ್ಲಿ ಐಖೆನ್‌ರೀಡಿಗೆ ಗಡಿ ಸಹಕಾರದ ಪಾರಿತೋಷಕ ಕೊಟ್ಟಿರಿ. ಅವರು ಒಟ್ಟಿಗೆ ಆರಿಸಿದ ಬೆಂಕಿಯೆಂದರೆ ಕವಾಯತಿಗೆ ಹಚ್ಚಿದ ಹಳೆಯ ಸೋಫಾ ಒಂದೇ. ಚಪ್ಪಾಳೆ ತಟ್ಟಲು ನನ್ನನ್ನೂ ಕರೆದಿದ್ದಿರಿ. ತಟ್ಟಿದೆ, ಹಲ್ಲು ಕಚ್ಚಿಕೊಂಡು.

ಕಳೆದ ವಾರ ಕ್ವೇತಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದಳು. ಈ ಸಲ ನಗಲಿಲ್ಲ.

“ಮತ್ತೆ ಮೂರ್ ಸಲ ಕೂಗಿದ್ರೆ ನಮ್ಮೋರ್ನ ಕರ್ಕೊಂಡು ಬರ್ಲಾ, ಬೇಡ್ವಾ? ರಾಡೆಕ್ ಹೆಂಡ್ತಿ ಕೇಳ್ತಿದ್ದಾಳೆ. ಏನಂತ ಹೇಳ್ಲಿ?”

ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎಂದೆ.

ಐಖೆನ್‌ರೀಡಿನ ಪಾರಿತೋಷಕ ಅವರ ಬಳಿಯೇ ಇರಲಿ. ಇಲ್ಲ, ಸುಳ್ಳು ಹೇಳಿದೆ, ಅದೂ ನಮಗೆ ಬೇಕು. ಆದರೆ ಮೊದಲು ಪಟ್ಟಿಯಲ್ಲಿ ಓಲ್ಶೋವ್ಕಾದ ಪಕ್ಕ ನಮ್ಮ ಹೆಸರು ಬರೆಯಿರಿ. ರಾಡೆಕ್‌ನ ಕೈ ಕರ್ತವ್ಯದಲ್ಲಿ ಸುಟ್ಟದ್ದೆಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ಅದಾಗದಿದ್ದರೆ ದಯವಿಟ್ಟು ತಾವೇ ಇಲ್ಲಿಗೆ ಬಂದು, ಇನ್ನು ಮುಂದೆ ಹೊಳೆಯಾಚೆಯಿಂದ ಯಾರೂ ಬರುವುದಿಲ್ಲವೆಂದು ರೋಸ್ವಿತಾ ಅಜ್ಜಿಗೆ ತಿಳಿಸಿ. ನಾನು ಇನ್ನೂ ಹೇಳಿಲ್ಲ.

ಇಂತಿ,
ಸಹಕರಿಸಲು ಅನುಮತಿಯಿಲ್ಲದ
ಲೆಯೊನ್‌ಹಾರ್ಡ್ ಪಿಖ್ಲರ್
ದಳಪತಿ, ಎರ್ಲೆನ್‌ಗ್ರಾಬೆನ್ ಸ್ವಯಂಸೇವಕ ಅಗ್ನಿಶಾಮಕ ದಳ